ಅತ್ತೆಯ ರೊಟ್ಟಿ, ನನ್ನ ದವಡೆ ಹಲ್ಲು

ನಮ್ಮ ಮನೆಯ ಷೋಕೇಸಿನಲ್ಲಿ, ಚನ್ನಪಟ್ಟಣದ ಮರದ ಬೊಂಬೆಗೂ ನನ್ನ ಗಂಡನಿಗೆ ಕಂಪನಿಯವರು ಕೊಟ್ಟ ಗಾಜಿನ ಫಲಕಕ್ಕೂ ನಡುವೆ, ನನ್ನ ಕೆಳದವಡೆ ಕೂತಿದೆ. ಗಾಬರಿಯಾಗಬೇಡಿ. ಅಸಲಿ ದವಡೆ ನನ್ನ ಹತ್ತಿರವೇ ಇದೆ. ಊಟ, ಹರಟೆ, ಗಂಡನ ಜೊತೆಗಿನ ವಾದ ಎಲ್ಲವೂ ಅದರಿಂದಲೇ ನಡೆಯುತ್ತಿದೆ. ಷೋಕೇಸಿನಲ್ಲಿರುವುದು ಅದರ ಪ್ಲಾಸ್ಟರ್ ಅಚ್ಚು. ಹಲ್ಲಿನ ಡಾಕ್ಟರು ಕಸದ ಬುಟ್ಟಿಗೆ ಹಾಕಲು ಹೊರಟಿದ್ದನ್ನು ನಾನೇ ಬೇಡಿ ತಂದೆ. ಮನೆಗೆ ಬಂದವರು ಚಹಾ ಕುಡಿಯುತ್ತಾ ಅದನ್ನು ನೋಡಿ, ಕೇಳುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಬಿಸ್ಕತ್ತು ಬೇಡ ಎಂದುಬಿಡುತ್ತಾರೆ. ಶನಿವಾರ ಧೂಳು ಒರೆಸುವಾಗ ನನ್ನ ಕೈ ಅದರ ಮೇಲೆ ಬಂದು ನಿಂತರೆ ಆಯಿತು, ಮಿಕ್ಕ ಧೂಳು ಮುಂದಿನ ವಾರಕ್ಕೆ. ನಾನು ಸೋಫಾದ ತುದಿಯಲ್ಲಿ ಕೂತು ಹಲ್ಲಿನ ಯೋಚನೆಗೆ ಬಿದ್ದಿರುತ್ತೇನೆ. ಬನ್ನಿ, ನೀವೂ ಕೂತುಕೊಳ್ಳಿ.

ನಾನು ಮೈಸೂರಿನವಳು. ಅನ್ನ ಸಾರು, ಅನ್ನ ಹುಳಿ, ಅನ್ನ ಮೊಸರು ತಿಂದು ಬೆಳೆದವಳು. ಹಲ್ಲಿಗೆ ಹೇಳಿಕೊಳ್ಳುವಂಥ ಕೆಲಸವೇ ಇಲ್ಲದ ಮನೆತನ ನಮ್ಮದು. ಚಕ್ಕುಲಿಯನ್ನು ಕೂಡ ಧಾರಾಳವಾಗಿ ಬೆಣ್ಣೆ ಹಾಕಿ, ಬಾಯಲ್ಲಿಟ್ಟರೆ ಕರಗುವಂತೆ ಮಾಡುತ್ತಿದ್ದರು. ಹೀಗಾಗಿ ನಮ್ಮವರ ಲೆಕ್ಕದಲ್ಲಿ ಹಲ್ಲು ಇರುವುದು ಮುಖ್ಯವಾಗಿ ನಗುವುದಕ್ಕೆ. ನಮ್ಮ ತಾತ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಅವರ ಹಲ್ಲಿನ ಸೆಟ್ಟು ಕೋಟಿನ ಜೇಬಿನಲ್ಲಿ, ಇಸ್ತ್ರಿ ಮಾಡಿದ ಕರವಸ್ತ್ರದೊಳಗೆ ಇರುತ್ತಿತ್ತು. ಮದುವೆ ಮನೆಯಲ್ಲಿ ಫೋಟೋದವನು ಬಂದ ತಕ್ಷಣ ಗೋಡೆಯ ಕಡೆ ತಿರುಗಿ ಹಾಕಿಕೊಳ್ಳುವರು, ಎಲೆ ಹಾಕಿದ ತಕ್ಷಣ ತೆಗೆದಿಡುವರು. "ಇದು ಬಾಯಲ್ಲಿದ್ರೆ ನೆಮ್ಮದಿಯಾಗಿ ಊಟ ಮಾಡೋಕಾಗಲ್ಲ ಕಣಮ್ಮ" ಎನ್ನುತ್ತಿದ್ದರು. ಹಲ್ಲು ಊಟಕ್ಕೆ ಅಡ್ಡಿ ಎಂದು ನಂಬಿ ಬೆಳೆದ ಹುಡುಗಿಗೆ ಜೋಳದ ರೊಟ್ಟಿಯ ನಾಡಿನ ಗಂಡ ಸಿಗಬೇಕೆ?

ಗಂಡನ ವಿಷಯಕ್ಕೆ ಬರುವ ಮೊದಲು ಇನ್ನೊಂದು ಹಲ್ಲಿನ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ನಮ್ಮ ಕಡೆ ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯಬೇಕಿತ್ತು. ಹಾಗೆ ಎಸೆದರೆ ಹೊಸ ಹಲ್ಲು ನೇರವಾಗಿ ಬರುತ್ತದಂತೆ. ನನ್ನ ಗುರಿ ಅಷ್ಟಕ್ಕಷ್ಟೆ. ಮುಂದಿನ ಹಲ್ಲು ಬಿದ್ದಾಗ ಎಸೆದ ಉಂಡೆ ನಮ್ಮ ಹೆಂಚು ದಾಟಿ ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ನಡುವೆ ಬಿತ್ತು. ಆ ಮನೆಯ ಅಜ್ಜಿ ಕಾಗದದಲ್ಲಿ ಉಂಡೆಯನ್ನು ಹಿಡಿದು ನಮ್ಮ ಬಾಗಿಲಿಗೆ ಬಂದು, "ನಿಮ್ಮ ಹುಡುಗಿ ಹಲ್ಲು ನೀವೇ ಇಟ್ಕೊಳ್ಳಿ" ಎಂದು ಕೊಟ್ಟು ಹೋದರು. ಆ ಜಾಗದಲ್ಲಿ ಬಂದ ಹಲ್ಲು ಸ್ವಲ್ಪ ಸೊಟ್ಟ. ಅಮ್ಮ ಇವತ್ತಿಗೂ ಅದಕ್ಕೆ ಹಪ್ಪಳವನ್ನೇ ದೂರುತ್ತಾಳೆ.

ಗಂಡ ಸಿಕ್ಕಿದ್ದು ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ. ಸಾಫ್ಟ್‌ವೇರಿನ ಸುಗ್ಗಿಯ ಕಾಲ ಅದು. ಹೈದರಾಬಾದಿನಲ್ಲಿ ಹಬ್ಬಕ್ಕೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಖಾಲಿ ಬಂಡೆಯ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿರುತ್ತಿತ್ತು. ಅಮೀರ್‌ಪೇಟ್‌ನಲ್ಲಂತೂ ಕೋಚಿಂಗ್ ಸೆಂಟರಿನ ಬೋರ್ಡುಗಳ ಹಿಂದೆ ಕಟ್ಟಡಗಳಿವೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ಅಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುವ ಕ್ಲಾಸಿನಲ್ಲಿ ನನ್ನ ಹಿಂದಿನ ಬೆಂಚಿನಿಂದ "ಏನೂ ತಿಳಿವಲ್ದು ನೋಡ್ರಿ" ಎಂಬ ಕನ್ನಡ ಕೇಳಿಸಿತು. ತಿರುಗಿ ನೋಡಿದೆ. ತೆಲುಗು ಗಡಿಯ ಸೇಡಂ ಕಡೆಯ ಶರಣು. ನನಗೂ ಏನೂ ತಿಳಿಯುತ್ತಿರಲಿಲ್ಲವಾದ್ದರಿಂದ ಸ್ನೇಹ ಬೆಳೆಯಿತು. ಮುಂದೆ ಇಬ್ಬರಿಗೂ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ತೋರಿಸುವುದಕ್ಕೆ ತಿಂಗಳ ಸಂಬಳ ಕೊಡುತ್ತಾರೆ ಎಂದಾಗ ನನ್ನ ಅಮ್ಮ ನಂಬಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಒಂದು ಕಬ್ಬಿಣದ ಹಂಚು, ಜೋಳದ ಚೀಲ, ಹಳೆ ಸೀರೆಗಳ ತುಂಡು ಜೋಡಿಸಿ ಅರ್ಧ ಹೊಲಿದ ಕೌದಿ, ಇವು ಅವರ ಸಾಮಾನು. ತಪ್ಪು ಹುಡುಕುವುದನ್ನು ನಾನು ಫೀಸು ಕಟ್ಟಿ ಕಲಿತಿದ್ದೆ. ಅತ್ತೆಗೆ ಅದು ಹುಟ್ಟಿನಿಂದಲೇ ಬಂದಿತ್ತು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು ಅವರದು. ಆ ಕಣ್ಣಿಗೆ ನನ್ನ ಅಡುಗೆಮನೆಯಲ್ಲಿ ಕಾಣದ ಕುಂದಿಲ್ಲ. ರಟ್ಟೆ ನೋವೆಂದು ರೊಟ್ಟಿ ತಟ್ಟುವ ಕೆಲಸವನ್ನು ನನಗೆ ವಹಿಸಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ಅಂಚ ನೋಡ, ಇಲಿ ತಿಂದಂಗ ಐತಿ" ಎನ್ನುವರು. ನಾನು ಮುಖ ಉಬ್ಬಿಸಿಕೊಂಡು ತಟ್ಟುತ್ತಿದ್ದೆ. ಆಫೀಸಿನಲ್ಲಿ ನಾನು ತಪ್ಪು ತೋರಿಸಿದಾಗ ಪ್ರೋಗ್ರಾಂ ಬರೆದ ಹುಡುಗರು ಯಾಕೆ ಹಾಗೆ ಮುಖ ಮಾಡುತ್ತಾರೆಂದು ಆಗ ಅರ್ಥವಾಯಿತು.

ಈಗ ನನ್ನ ಹಲ್ಲಿಗೆ ಬರೋಣ. ಆ ಕಾಲದಲ್ಲಿ ನಮ್ಮ ಆಫೀಸುಗಳಲ್ಲಿ ಒಂದು ಸಂಪ್ರದಾಯವಿತ್ತು. ಯಾರಿಗಾದರೂ ಆನ್‌ಸೈಟ್, ಅಂದರೆ ಕಂಪನಿಯ ಕೆಲಸದ ಮೇಲೆ ವಿದೇಶಕ್ಕೆ ಹೋಗುವ ಯೋಗ ಬಂದರೆ, ಅವರು ಮೊದಲು ಓಡುತ್ತಿದ್ದದ್ದು ಹಲ್ಲಿನ ಡಾಕ್ಟರ ಹತ್ತಿರ. ಅಬಿಡ್ಸ್ ಪೇಟೆಗೆ ಹೋಗಿ ಸೂಟ್‌ಕೇಸು ಕೊಳ್ಳುವುದೆಲ್ಲ ಆಮೇಲೆ. ಅಲ್ಲಿ ಒಂದು ಹಲ್ಲು ನೋವು ಬಂದರೆ ಇಲ್ಲಿಯ ಸೈಟು ಮಾರಬೇಕಾಗುತ್ತದೆಂದು ಹೋಗಿ ಬಂದವರು ಕಥೆ ಹೇಳುತ್ತಿದ್ದರು. ಹಾಗಾಗಿ ಯಾರಾದರೂ ಕೆನ್ನೆ ಹಿಡಿದುಕೊಂಡು ಆಫೀಸಿಗೆ ಬಂದರೆ "ಹಲ್ಲು ನೋವಾ?" ಎಂದು ಯಾರೂ ಕೇಳುತ್ತಿರಲಿಲ್ಲ, "ಯಾವ ದೇಶ?" ಎನ್ನುತ್ತಿದ್ದರು. ಒಂದು ದಿನ ಮ್ಯಾನೇಜರು ನನ್ನ ಹೆಸರನ್ನೂ ಆನ್‌ಸೈಟಿನ ಮಾತಿನಲ್ಲಿ ಎತ್ತಿದರು. ಸಂಜೆಯೇ ನಾನು ಅಮೀರ್‌ಪೇಟ್‌ನ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಮಲಗಿದ್ದೆ.

ಕೆಳಗಿನ ಬಲದವಡೆಯಲ್ಲಿ ಹುಳುಕು ಹಲ್ಲೊಂದಿತ್ತು. ಡಾಕ್ಟರಮ್ಮ ತೆಲುಗಿನವರು, ನನ್ನ ವಯಸ್ಸಿನವರೇ. ನೋವು ಹೇಗಿದೆ, ಶಾರ್ಪಾ, ಡಲ್ಲಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇರುವುದೇ ಎರಡೇ? ತಣ್ಣೀರು ಕುಡಿದರೆ ಜುಂ ಅನ್ನುತ್ತದೆ, ಸಿಹಿ ತಿಂದರೆ ಚುಳ್ ಅನ್ನುತ್ತದೆ, ಮಲಗಿದರೆ ಕಿವಿಯವರೆಗೆ ಸೆಳೆಯುತ್ತದೆ. ಇದನ್ನೆಲ್ಲ ಇಂಗ್ಲಿಷಿಗೆ ತರಲಾರದೆ ಕೈಯಾಡಿಸಿ ಅಭಿನಯಿಸಿದೆ. ಅವರು "ಎರಡೂ" ಎಂದು ಬರೆದುಕೊಂಡರು. ಕೆಳಗಿನ ಮಹಡಿಯ ಕೋಚಿಂಗ್ ಸೆಂಟರಿನಿಂದ ಮೈಕಿನಲ್ಲಿ ಮೇಷ್ಟರು "ಎನಿ ಡೌಟ್ಸ್?" ಎಂದು ಕೇಳುತ್ತಿದ್ದದ್ದು ಮಹಡಿಯೇರಿ ಬರುತ್ತಿತ್ತು. ನನಗೆ ಬೇಕಾದಷ್ಟಿದ್ದವು, ಆದರೆ ಬಾಯಲ್ಲಿ ಹತ್ತಿ ತುಂಬಿತ್ತು.

ಡಾಕ್ಟರಮ್ಮ ರೂಟ್ ಕೆನಾಲ್ ಮಾಡಿ ಹಲ್ಲಿನ ನರ ತೆಗೆದರು. ಮುಂದಿನ ವಾರ ಬನ್ನಿ, ಮೇಲೆ ಟೋಪಿ ಹಾಕುತ್ತೇನೆ ಎಂದರು. ಇಂಗ್ಲಿಷಿನಲ್ಲಿ ಅದಕ್ಕೆ ಕಿರೀಟದ ಹೆಸರಿದ್ದರೂ ಅಮೀರ್‌ಪೇಟ್‌ನಲ್ಲಿ ಎಲ್ಲರಿಗೂ ಅದು ಟೋಪಿಯೇ. ಆ ಮುಂದಿನ ವಾರ ಬರುವುದರೊಳಗೆ ಪ್ರಾಜೆಕ್ಟು ಕೈತಪ್ಪಿತು, ಆನ್‌ಸೈಟೂ ಹೋಯಿತು. ವಿದೇಶವೇ ಇಲ್ಲದ ಮೇಲೆ ಹಲ್ಲಿಗೆ ಟೋಪಿ ಯಾಕೆ ಎಂದು ನಾನು ಸುಮ್ಮನಾದೆ. ನಗಬೇಡಿ, ನಮ್ಮ ಆಫೀಸಿನಲ್ಲಿ ಹೀಗೆ ವೀಸಾ ತಪ್ಪಿ ಅರ್ಧಕ್ಕೆ ನಿಂತ ಹಲ್ಲುಗಳು ಇನ್ನೂ ಹಲವರ ಬಾಯಲ್ಲಿದ್ದವು.

ನೋವಿಲ್ಲದ ಹಲ್ಲನ್ನು ಯಾರು ನೆನೆಯುತ್ತಾರೆ? ಸೇಡಂನಿಂದ ಶರಣುವಿನ ಚಿಕ್ಕಮ್ಮ ಖಡಕ್ ರೊಟ್ಟಿಯ ಕಟ್ಟು ಕಳಿಸಿದ್ದರು. ಒಣಗಿಸಿ ಗರಿಗರಿ ಮಾಡಿದ ಆ ರೊಟ್ಟಿ ಮುರಿದರೆ ಪಕ್ಕದ ಫ್ಲಾಟಿನವರಿಗೆ ಕೇಳಬೇಕು. ಕೇಳಿತು ಕೂಡ, ಆದರೆ ಮುರಿದದ್ದು ರೊಟ್ಟಿಯಷ್ಟೇ ಅಲ್ಲ. ಅಂಗೈಗೆ ಉಗಿದು ನೋಡಿದರೆ ಶೇಂಗಾ ಚಟ್ನಿ ಹತ್ತಿದ ಹಲ್ಲಿನ ಚೂರು.

ಡಾಕ್ಟರಮ್ಮ ನೋಡಿ, "ಇನ್ನೂ ಸಮಯವಿದೆ, ಟೋಪಿ ಹಾಕಿದರೆ ಉಳಿಯುತ್ತದೆ, ಹೀಗೇ ಬಿಟ್ಟರೆ ಸೀಳಿಹೋಗುತ್ತದೆ, ಆಮೇಲೆ ಕೀಳುವುದೊಂದೇ ದಾರಿ" ಎಂದರು. ಟೋಪಿ ಕೂರಬೇಕಾದರೆ ಉಳಿದ ಹಲ್ಲನ್ನು ಸುತ್ತಲೂ ತೇಯ್ದು ಪುಟ್ಟ ಗೂಟದಂತೆ ಮಾಡಬೇಕಂತೆ. ಇರುವುದನ್ನು ಉಳಿಸುವುದಕ್ಕೆ ಇರುವುದನ್ನೇ ಅರೆಯುವುದು ಯಾವ ನ್ಯಾಯ? ಯೋಚಿಸಿ ಹೇಳುತ್ತೇನೆಂದು ಬಂದೆ. ಯೋಚಿಸಿದೆ. ಬರೀ ಯೋಚಿಸಿದೆ. ಎಡಗಡೆ ಅಗಿಯುವುದನ್ನು ಕಲಿತೆ. ನಡೆಯುತ್ತಿರುವುದನ್ನು ಮುಟ್ಟಿ ಕೆಡಿಸಬೇಡ ಎಂಬುದು ನಮ್ಮ ಆಫೀಸಿನ ಪರಮಧರ್ಮ, ಅದನ್ನು ಬಾಯಿಗೂ ಅನ್ವಯಿಸಿದೆ. ಶರಣುವನ್ನು ಕೇಳಿದರೆ, "ನಿನ್ನ ಹಲ್ಲ, ನಿನ್ನ ಮರ್ಜಿ. ನಾ ಏನ ಹೇಳಿದ್ರೂ ನಾಳೆ ನನ್ನ ಮ್ಯಾಲ ಬರ್ತೈತಿ" ಎಂದು ಜಾರಿಕೊಂಡ. ಐದಾರು ವರ್ಷದ ಸಂಸಾರದಲ್ಲಿ ಅವನು ಕಲಿತ ಪಾಠ ಇಷ್ಟೇ, ಆದರೆ ಚೆನ್ನಾಗಿ ಕಲಿತಿದ್ದ.

ಹೀಗಿರುವಾಗ ಒಂದು ಭಾನುವಾರ ರೊಟ್ಟಿ, ಎಣ್ಣೆಗಾಯಿ ಪಲ್ಯ ಮಾಡಿದ್ದೆ. ಅತ್ತೆ ಪಲ್ಯ ನೆಕ್ಕಿ, "ಚಲೋ ಆಗೈತಿ" ಎಂದು ಎದ್ದುಹೋದರು. ನಮ್ಮ ಅತ್ತೆ ಚಲೋ ಆಗೈತಿ ಅನ್ನುವ ಹೆಂಗಸಲ್ಲ. ಯೋಚಿಸಿ ನೋಡಿದರೆ ಕೆಲವು ವಾರಗಳಿಂದ ಅವರು ನನ್ನ ರೊಟ್ಟಿಯ ಅಂಚಿನ ಬಗ್ಗೆಯಾಗಲಿ, ಮಧ್ಯದ ಬಗ್ಗೆಯಾಗಲಿ ಒಂದು ಮಾತೂ ಆಡಿರಲಿಲ್ಲ. ನನ್ನ ಕೈ ಪಳಗಿತೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅಡುಗೆಮನೆಗೆ ಹೋಗಿ ನೋಡಿದರೆ ಅತ್ತೆ ನನಗೆ ಬೆನ್ನು ಮಾಡಿ ನಿಂತು, ಮಜ್ಜಿಗೆಯ ಬಟ್ಟಲಿನಲ್ಲಿ ರೊಟ್ಟಿ ನೆನೆಸಿ, ಕಿವುಚಿ, ಔಷಧಿಯಂತೆ ನುಂಗುತ್ತಿದ್ದರು. ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ.

"ಏನಾಯ್ತು ಅತ್ತೆ?"

"ಏನಿಲ್ಲವಾ. ಹಲ್ಲ ಜರಾ ಹಿಡ್ಕೊಂಡೈತಿ."

"ಡಾಕ್ಟರ ಹತ್ತಿರ ಹೋಗೋಣ, ಏಳಿ."

"ಬ್ಯಾಡ. ಮ್ಯಾಲಿನ ಹಲ್ಲು. ಮ್ಯಾಲಿನ ಹಲ್ಲ ಕಿತ್ರ ಕಣ್ಣ ಹೋಗ್ತಾವ. ನಮ್ಮ ದೊಡ್ಡವ್ವಂದು ಹಂಗ ಆತು."

"ಆಗ ಅವರಿಗೆ ಎಷ್ಟು ವಯಸ್ಸು?"

ಅತ್ತೆ ಯೋಚಿಸಿದರು. "ತೊಂಬತ್ತರ ಮ್ಯಾಲ ಇರಬೇಕು."

ನಾನು ನಕ್ಕಿದ್ದು ಅವರಿಗೆ ಹಿಡಿಸಲಿಲ್ಲ. "ನೀ ಏನ ನಗ್ತಿ? ನಿನ್ನ ಮುರಕಾ ಹಲ್ಲ ಹಂಗ ಇಟ್ಕೊಂಡು ನನಗ ಬುದ್ಧಿ ಹೇಳಾಕ ಬರ್ತಿ ಏನ? ನೀ ಮೊದ್ಲ ಟೋಪಿ ಹಾಕಿಸ್ಕೊ. ನೀ ನೆಟ್ಟಗ ಎದ್ದು ಬಂದ್ರ ಆಮ್ಯಾಲ ನಂದು ನೋಡೂಣು."

ಅಲ್ಲಿಯವರೆಗೆ ಅದು ನನ್ನೊಬ್ಬಳ ಹಲ್ಲಾಗಿತ್ತು, ಹಾಕಿಸಲಿ ಬಿಡಲಿ ನನ್ನಿಷ್ಟವಾಗಿತ್ತು. ಈಗ ಅತ್ತೆಯ ಊಟ ನನ್ನ ಹಲ್ಲಿನ ಮೇಲೆ ನಿಂತಿತು. ನಾನು ಹೆದರಿ ದಿನ ದೂಡಿದಷ್ಟೂ ಅವರು ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತಾ ಸೊರಗುವವರು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬೈಗುಳವಿಲ್ಲದ ಆ ಅಡುಗೆಮನೆ ನನಗೆ ಸೇರುತ್ತಿರಲಿಲ್ಲ. ಖಾಲಿ ಸ್ಟೂಲಿನ ಪಕ್ಕದಲ್ಲಿ ರೊಟ್ಟಿ ತಟ್ಟುವುದು ಬಹಳ ಬೇಸರದ ಕೆಲಸ.

ಮರುದಿನವೇ ರಜೆ ಹಾಕಿದೆ. ಅತ್ತೆ ಸಾಕ್ಷಿಗೆ ಬಂದರು. ಹಲ್ಲು ತೇಯುವ ಸದ್ದು ಕೇಳಿ ಒಂದು ಸಲ "ಶರಣಪ್ಪಾ!" ಎಂದು ದೇವರನ್ನು ಕೂಗಿದ್ದು ಬಿಟ್ಟರೆ ಗಟ್ಟಿಯಾಗಿಯೇ ಕೂತಿದ್ದರು. ಆಮೇಲೆ ಡಾಕ್ಟರಮ್ಮ ಟೋಪಿಯ ಅಳತೆಗೆಂದು ಕೆಳದವಡೆಯ ಅಚ್ಚು ತೆಗೆದುಕೊಂಡು, ಬಣ್ಣ ಆರಿಸುವ ಪಟ್ಟಿ ಹೊರತೆಗೆದರು. ಬಿಳಿಯಿಂದ ಹಳದಿಯವರೆಗೆ ಸಾಲಾಗಿ ಜೋಡಿಸಿದ ಮಾದರಿ ಹಲ್ಲುಗಳು. ಟೋಪಿ ಅಕ್ಕಪಕ್ಕದ ಹಲ್ಲಿಗೆ ಹೊಂದಬೇಕಲ್ಲ. ಅದನ್ನು ಕಂಡದ್ದೇ ಅತ್ತೆಯ ಹೆದರಿಕೆ ಎಲ್ಲಿ ಹೋಯಿತೋ, ಸೀರೆಗೆ ಕುಪ್ಪಸದ ಬಟ್ಟೆ ಹೊಂದಿಸುವ ಉಮೇದು ಬಂದುಬಿಟ್ಟಿತು. ತಮ್ಮ ಗಡಿನಾಡಿನ ತೆಲುಗಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ಕೊಂಡು ಎಷ್ಟು ಸೀರೆ ಕೆಟ್ಟಿವೆ ಎಂಬುದನ್ನು ಡಾಕ್ಟರಮ್ಮನಿಗೆ ತಿಳಿಸಿ, ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಬೇಕೆಂದರು. ಡಾಕ್ಟರಮ್ಮ ಬೈಯುತ್ತಾರೆಂದುಕೊಂಡೆ. ಅವರು "ಕರೆಕ್ಟೇ, ಹಗಲು ಬೆಳಕಲ್ಲೇ ನೋಡಬೇಕು" ಎಂದುಬಿಟ್ಟರು.

ಹೀಗೆ ನಾನು, ತುಟಿಗಳನ್ನು ಎರಡೂ ಕಡೆ ಎಳೆದು ಹಿಡಿಯುವ ಪ್ಲಾಸ್ಟಿಕ್ಕಿನ ಸಾಧನ ಬಾಯಲ್ಲಿಟ್ಟುಕೊಂಡು, ಮೆಟ್ಟಿಲ ಬಳಿಯ ಬಿಸಿಲಿನಲ್ಲಿ ನಿಂತೆ. ಅತ್ತೆ ಒಂದೊಂದೇ ಮಾದರಿಯನ್ನು ಹಲ್ಲಿನ ಪಕ್ಕ ಹಿಡಿಸಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. "ಅದು ಬ್ಯಾಡ, ಭಾಳ ಬೆಳ್ಳಗಾತು. ಈಕಿ ದಿನಾ ನಾಕ ಸಲ ಚಾ ಕುಡಿಯಾಕಿ. ನೋಡಿದ ಮಂದಿ ಮನಿ ಹಲ್ಲ ಅನಬೇಕು, ಕಡಾ ತಂದಿದ್ದು ಅನಬಾರ್ದು." ಕೋಚಿಂಗ್ ಸೆಂಟರಿನ ಹುಡುಗರು ಬ್ಯಾಗು ಹೊತ್ತು ಮೆಟ್ಟಿಲೇರುತ್ತಿದ್ದರು. ಒಂದು ಮಹಡಿ ಹೆಚ್ಚು ಹತ್ತಿ ಬಂದ ಒಬ್ಬ ನಿಂತು ನನ್ನ ಬಾಯೊಳಗೆ ನೋಡಿ, "ಡೆಮೋ ಕ್ಲಾಸ್ ಇಕ್ಕಡೇನಾ?" ಎಂದು ಕೇಳಿದ. ಡೆಮೋ ಕ್ಲಾಸು ಇಲ್ಲೇ ತಾನೇ ಎಂದು. ನಾನು ಕೆಳಗಿನ ಮಹಡಿಗೆ ಕೈ ತೋರಿಸಿದೆ.

ಟೋಪಿ ಬಂತು, ಕೂತಿತು. ಷೋಕೇಸಿನ ಅಚ್ಚು ನನ್ನ ಜೊತೆ ಮನೆಗೆ ಬಂದದ್ದು ಅವತ್ತೇ. ಮರುದಿನ ಅತ್ತೆ ನನ್ನೆದುರು ಕೂತು ರೊಟ್ಟಿ ಮುರಿದು ಕೊಟ್ಟರು. "ಬಲಕ್ಕ ಹಾಕ್ಕೊ. ಅಗಿ. ಸಾವಕಾಶ." ಅಗಿದೆ.

"ನೋಯ್ತೇನ?"

"ಇಲ್ಲ ಅತ್ತೆ."

"ಕಣ್ಣ?"

"ನಂದು ಕೆಳಗಿನ ಹಲ್ಲಲ್ವಾ?"

"ಆದ್ರೂ ಹೇಳ."

"ಕಾಣಿಸ್ತಿದೆ. ನಿಮ್ಮ ಸೆರಗಿಗೆ ಹಿಟ್ಟು ಹತ್ತಿದೆ."

ಅತ್ತೆ ಸೆರಗು ಜಾಡಿಸಿಕೊಂಡು, "ಹಂಗಾರ ನಾಳೆ ಹೋಗೂಣು" ಎಂದರು.

ಅವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಡಾಕ್ಟರಮ್ಮ ದೀಪ ತಿರುಗಿಸಿದರು. ಪಕ್ಕದಲ್ಲಿ ನಿಂತಿದ್ದ ನನಗೂ ಒಳಗೆಲ್ಲ ಕಂಡಿತು. ಒಂದು ಹಲ್ಲು ಜರಾ ಹಿಡಿದುಕೊಂಡಿದೆ ಎಂದಿದ್ದರು. ಮೇಲಿನ ಸಾಲಿನಲ್ಲಿ ಸರಿಯಾದ ಹಲ್ಲೇ ಇರಲಿಲ್ಲ. ಮುರಿದ ಬೇರುಗಳು, ಊದಿದ ವಸಡು. ಇದನ್ನೆಲ್ಲ ಬಾಯಲ್ಲಿಟ್ಟುಕೊಂಡು ಅವರು ಸಂಜೆ ನಾವು ಆಫೀಸಿನಿಂದ ಬಂದಾಗ "ಚಾ ಮಾಡ್ಲಿ ಏನ?" ಎಂದು ನಗುತ್ತಾ ಕೇಳುತ್ತಿದ್ದರು. ನನಗೆ ಅಳು ಬಂತು. ಅತ್ತೆ ನನ್ನ ಮುಖ ನೋಡಿ ತಪ್ಪಾಗಿ ತಿಳಿದು, "ನೀ ಯಾಕ ಹೆದರ್ತಿ? ಹೆದರಬ್ಯಾಡ, ನಾ ಅದೀನಿ" ಎಂದು ನನ್ನ ಕೈ ಹಿಡಿದುಕೊಂಡರು. ಹಲ್ಲು ಕೀಳಿಸಿಕೊಳ್ಳುವವರು ಅವರು, ಧೈರ್ಯ ನನಗೆ.

ಮೊದಲ ಹಲ್ಲು ಕಿತ್ತು ಬಂತು. ಅತ್ತೆ ಹತ್ತಿ ಕಚ್ಚಿಕೊಂಡು ಎದ್ದು ಕೂತವರೇ ಸೊಂಟದ ಎಲೆ ಅಡಿಕೆಯ ಸಂಚಿಗೆ ಕೈ ಹಾಕಿದರು. ಬಾಯಿಗೆ ಏನಾದರೂ ಹಾಕಿಕೊಂಡಾರೆಂದು ಡಾಕ್ಟರಮ್ಮ ತಡೆಯಲು ಹೋದರೆ, ಹೊರಗೆ ಬಂದದ್ದು ಸೂಜಿ ಮತ್ತು ಕೌದಿಯ ದಾರ. ದೀಪದ ಕಡೆ ಸೂಜಿ ಎತ್ತಿ ಹಿಡಿದರು. ದಾರ ಪಕ್ಕಕ್ಕೆ ಸರಿಯಿತು, ಮತ್ತೆ ಸರಿಯಿತು. ಆಮೇಲೆ ದಾರ ಸೂಜಿಯ ಕಣ್ಣಿನಲ್ಲಿ ತೂರಿತು. ಅತ್ತೆ ಅದನ್ನು ಡಾಕ್ಟರಮ್ಮನ ಮೂಗಿನ ಹತ್ತಿರ ಹಿಡಿದು ತೋರಿಸಿ, ಹತ್ತಿ ತುಂಬಿದ ಬಾಯಲ್ಲೇ ಏನೋ ಅಂದು, ಉಳಿದದ್ದನ್ನೂ ಕೀಳಿ ಎಂದು ಸನ್ನೆ ಮಾಡಿ ಒರಗಿದರು. ಡಾಕ್ಟರಮ್ಮ ನಗುತ್ತಾ ಎಲ್ಲವನ್ನೂ ಒಂದೇ ದಿನ ಕೀಳಲಾಗುವುದಿಲ್ಲವೆಂದು ಸಮಾಧಾನ ಮಾಡಿ ಕಳಿಸಿದರು.

ಬೇರುಗಳೆಲ್ಲ ಹೋಗಿ, ವಸಡು ಮಾಗಿ, ಮೇಲಿನ ಸೆಟ್ಟು ಬರುವ ಹೊತ್ತಿಗೆ ಒಂದು ಕಾಲವೇ ಕಳೆಯಿತು. ಅಷ್ಟು ದಿನವೂ ಅಂಬಲಿ, ಗಂಜಿ, ಮೆತ್ತಗಿನ ಅನ್ನ. ಮೊದಮೊದಲು ಮೆತ್ತಗಿನದನ್ನು ತಿನ್ನಿ, ಸೆಟ್ಟಿನಲ್ಲಿ ಅಗಿಯುವುದು ರೂಢಿಯಾಗಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಅದೂ ರೂಢಿಯಾಯಿತು. ಕೊನೆಗೊಂದು ಸಂಜೆ ನಾನು ಹಂಚಿನಿಂದ ಬಿಸಿ ಬಿಸಿ ರೊಟ್ಟಿ ಇಳಿಸಿ, ಬೆಣ್ಣೆ ಸವರಿ, ಅತ್ತೆಯ ತಟ್ಟೆಗೆ ಹಾಕಿದೆ. ಮಜ್ಜಿಗೆಯ ಬಟ್ಟಲು ಇಡಲಿಲ್ಲ. ಶರಣು ತನ್ನ ತಟ್ಟೆ ಮುಟ್ಟದೆ ಕೂತಿದ್ದ.

ಅತ್ತೆ ಒಂದು ತುಣುಕು ಮುರಿದು ಬಾಯಿಗಿಟ್ಟರು. ಅಗಿದರು. ಬಲಕ್ಕೆ ತಂದು ಅಗಿದರು, ಎಡಕ್ಕೆ ತಂದು ಅಗಿದರು. ನುಂಗಿದರು. ಇನ್ನೊಂದು ತುಣುಕು ಮುರಿದು ಅದರ ದಪ್ಪ ನೋಡಿದರು. ಆಮೇಲೆ ಮಗನ ಕಡೆ ಬಹಳ ಕನಿಕರದಿಂದ ತಿರುಗಿದರು.

"ಇಷ್ಟ ದಿನಾ ಇದನ್ನ ತಿಂದಿ ಏನೋ, ನನ್ನಪ್ಪಾ?"

ಶರಣು ನನ್ನ ಕಡೆ ನೋಡಿದ, ತಾನು ಏನು ಹೇಳಿದರೂ ನಾಳೆ ತನ್ನ ಮೇಲೆ ಬರುತ್ತದೆಂಬ ಮುಖದಲ್ಲಿ. ನನಗೆ ನಗು ತಡೆಯಲಾಗಲಿಲ್ಲ, ಕಣ್ಣೀರೂ ತಡೆಯಲಾಗಲಿಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಹೊತ್ತಿಹೋಯಿತು.

"ನಗು, ನಗು. ಹಿಟ್ಟಿಗೆ ಬಿಸಿನೀರ ಹಾಕಿದಿ ಏನ, ಇಲ್ಲ? ನಾದಿಲ್ಲ. ಅಂಚ ಅಂತೂ ದೇವರಿಗೇ ಪ್ರೀತಿ" ಎನ್ನುತ್ತಾ ಅತ್ತೆ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು ಮುಗಿಸಿದರು. ಆಮೇಲೆ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿದರು.

"ಇನ್ನೊಂದ ಹಾಕ."